ಕೆಪ್ಲರ್ ಓದು: ಚಂದ್ರಲೋಕದ ಪುಸ್ತಕಕ್ಕೆ ಬಂದಾಯ್ತು

ಜರ್ಮನ್ ಖಗೋಳಜ್ಞ ಯೋಹಾನೆಸ್ ಕೆಪ್ಲರನ ಮುಖ್ಯ ಪುಸ್ತಕಗಳನ್ನು ಅಚ್ಚಾದ ಕ್ರಮದಲ್ಲೇ ಓದುವ ಕೆಲಸ ಕೊನೆಯ ಪುಸ್ತಕಕ್ಕೆ, ಚಂದ್ರಯಾನದ ಕಥೆ ‘ಸೋಮ್ನಿಯಂ’ಗೆ ಬಂದು ನಿಂತಿದೆ. ಮೂಲ ಲ್ಯಾಟಿನ್, ನಾನು ಓದುತ್ತಿರುವುದು ಇಂಗ್ಲಿಷ್ ಅನುವಾದಗಳನ್ನು. ಟಿಪ್ಪಣಿ ಪುಸ್ತಕದಲ್ಲಿ ಲೆಕ್ಕ, ದೇವರು, ಕಲ್ಪನೆ ಎಂದು ಮೂರು ಕಾಲಂ ಎಳೆದುಕೊಂಡಿದ್ದೆ. ಈಗ ಅದನ್ನು ಕೈಬಿಟ್ಟಿದ್ದೇನೆ. ಆತನ ಬರವಣಿಗೆ ಹಾಗೆ ಪಾಲಾಗಲು ಒಪ್ಪುವುದಿಲ್ಲ.

1596ರ ಮೊದಲ ಪುಸ್ತಕದಲ್ಲೇ ಇದು ಶುರು. ಆಗ ಗೊತ್ತಿದ್ದ ಗ್ರಹಗಳು ಆರು, ನಡುವಿನ ಅಂತರಗಳು ಐದು, ರೇಖಾಗಣಿತದಲ್ಲಿ ಎಲ್ಲ ಮುಖ, ಅಂಚು, ಕೋನಗಳೂ ಸಮನಾಗಿರುವ ಘನಾಕೃತಿಗಳೂ ಐದೇ. ದೇವರು ಒಂದೊಂದು ಅಂತರಕ್ಕೆ ಒಂದೊಂದು ಆಕೃತಿಯ ಅಳತೆಯಲ್ಲೇ ಜಗತ್ತನ್ನು ಕಟ್ಟಿದ ಎಂದು ಕೆಪ್ಲರ್ ನಂಬಿದ. ಆ ಮಾದರಿ ನಿಲ್ಲಲಿಲ್ಲ, ಆದರೆ ಆತನನ್ನು ಮುಂದಕ್ಕೆ ನಡೆಸಿದ್ದು ಅದೇ ನಂಬಿಕೆ.

1609ರ ಮಂಗಳದ ಪುಸ್ತಕ ನನಗೆ ಎಲ್ಲಕ್ಕಿಂತ ಕಷ್ಟವಾಯಿತು, ಇಷ್ಟವೂ ಆಯಿತು. ಡೆನ್ಮಾರ್ಕಿನ ಖಗೋಳ ವೀಕ್ಷಕ ಟೈಕೋ ಬ್ರಾಹೆಯ ವೀಕ್ಷಣೆಗೂ, ಮಂಗಳ ವೃತ್ತದಲ್ಲಿ ಸುತ್ತುತ್ತದೆಂದು ಹಿಡಿದ ಕೆಪ್ಲರನ ಲೆಕ್ಕಕ್ಕೂ 8 ಆರ್ಕ್ ಮಿನಿಟ್ (ಒಂದು ಡಿಗ್ರಿಯಲ್ಲಿ 60) ವ್ಯತ್ಯಾಸ ಬಂತು. ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗವಷ್ಟೆ. ಟೈಕೋನಂಥ ವೀಕ್ಷಕನನ್ನು ದೇವರೇ ಕರುಣಿಸಿರುವಾಗ ಇಷ್ಟನ್ನೂ ಕಡೆಗಣಿಸಬಾರದು ಎಂಬುದು ಕೆಪ್ಲರನ ವಾದ. ಮುಂದೆ ಮಂಗಳದ ದಾರಿ ದೀರ್ಘವೃತ್ತವೆಂದು ಗೊತ್ತಾದದ್ದು ಆ ಹಟದಿಂದ. ಲೆಕ್ಕದ ನಿಷ್ಠುರತೆಗೆ ಭಕ್ತಿಯೇ ಕಾರಣವಾದ ಇಂಥ ಪುಟ ನಾನು ಬೇರೆಲ್ಲೂ ಓದಿಲ್ಲ.

1619ರ ಪುಸ್ತಕದಲ್ಲಿ ಗ್ರಹಗಳ ಸಂಗೀತದ ಅಧ್ಯಾಯಗಳ ನಡುವೆ ಕೆಪ್ಲರನ ಮೂರನೆಯ ನಿಯಮವಿದೆ: ಗ್ರಹ ಸೂರ್ಯನನ್ನು ಸುತ್ತುವ ಅವಧಿಯ ವರ್ಗ, ಸೂರ್ಯನಿಂದ ಅದರ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಗುರುಗ್ರಹಕ್ಕೆ ಹಾಕಿ ನೋಡಿದೆ: ದೂರ (ಭೂಮಿ–ಸೂರ್ಯರ ದೂರ 1 ಎಂದರೆ) 5.2, ಅದರ ಘನ 140.6, ಅವಧಿ 11.86 ವರ್ಷ, ಅದರ ವರ್ಗ 140.7. ಲೂಥರನ್ ಚರ್ಚಿನ ವಿಶ್ವಾಸಪತ್ರವನ್ನು ಪೂರ್ತಿ ಒಪ್ಪಿ ಸಹಿ ಮಾಡಲಿಲ್ಲವೆಂದು, ಆಸ್ಟ್ರಿಯಾದ ಲಿಂಜ್‌ನಲ್ಲಿ ಪ್ರಭು ಭೋಜನವೆಂಬ ಚರ್ಚಿನ ಸಂಸ್ಕಾರದಿಂದ ಹೊರಗಿಡಲ್ಪಟ್ಟ ಮನುಷ್ಯ ಇದನ್ನು ಬರೆದ ಎಂಬುದು ಓದುವಾಗೆಲ್ಲ ನೆನಪಾಗುತ್ತಿತ್ತು.

ಈಗ ‘ಸೋಮ್ನಿಯಂ’. ಐಸ್‌ಲೆಂಡಿನ ಹುಡುಗ ಡ್ಯುರಾಕೋಟಸ್, ಗಿಡಮೂಲಿಕೆ ಮಾರುವ ತಾಯಿ, ಆಕೆ ಕರೆಯುವ ಚೇತನ. ಚಂದ್ರನಿಗೆ ಹೋಗುವುದು ಗ್ರಹಣದ ಹೊತ್ತಿನಲ್ಲಿ, ಭೂಮಿಯ ನೆರಳಿನ ದಾರಿಯಲ್ಲಿ; ನಾಲ್ಕೇ ಗಂಟೆಯ ಪಯಣ. ಹೊರಡುವ ಹೊಡೆತ ತಡೆಯಲು ಪ್ರಯಾಣಿಕನಿಗೆ ಮಂಪರಿನ ಮದ್ದು, ಉಸಿರಾಟಕ್ಕೆ ಮೂಗಿನ ಬಳಿ ಒದ್ದೆ ಸ್ಪಂಜು. ಕಥೆ ಚಿಕ್ಕದು, ಕೆಪ್ಲರ್ ತಾನೇ ಬರೆದ ಟಿಪ್ಪಣಿಗಳು 223! ಭೂಮಿಯ ಸೆಳೆತವೂ ಚಂದ್ರನ ಸೆಳೆತವೂ ಸರಿಸಮವಾಗುವ ಜಾಗದ ಮಾತು ಅಲ್ಲಿದೆ, ಗುರುತ್ವದ ನಿಯಮ ಹೇಳಿದ ನ್ಯೂಟನ್ನನ 1687ರ ಗ್ರಂಥಕ್ಕಿಂತ ಎಷ್ಟೋ ಮೊದಲು. ಹಾಗಾಗಿ ಟಿಪ್ಪಣಿಗಳನ್ನು ಕೊನೆಗೆ ಉಳಿಸಿಕೊಳ್ಳದೆ ಸಾಲುಸಾಲಿಗೆ ಜೊತೆಯಲ್ಲೇ ಓದುತ್ತಿದ್ದೇನೆ. ಓದುವವರಿಗೆ ನನ್ನ ಸಲಹೆಯೂ ಅದೇ.

ಚಂದ್ರನಿಂದ ಕಾಣುವ ಭೂಮಿಯ ವರ್ಣನೆಯಲ್ಲಿ ಬಹಳ ಹೊತ್ತು ಉಳಿದೆ. ಅಲ್ಲಿನವರಿಗೆ ಭೂಮಿ ಮೊಳೆ ಹೊಡೆದಂತೆ ಆಕಾಶದಲ್ಲಿ ಒಂದೇ ಕಡೆ ನಿಂತು ತಿರುಗುತ್ತದೆ, ವೃದ್ಧಿ–ಕ್ಷಯವನ್ನೂ ತೋರಿಸುತ್ತದೆ. ಚಂದ್ರನ ಇನ್ನೊಂದು ಮಗ್ಗುಲಿನವರಿಗೆ ಅದರ ದರ್ಶನವೇ ಇಲ್ಲ. ಭೂಮಿಯ ವ್ಯಾಸ 12,742 ಕಿ.ಮೀ., ಚಂದ್ರನದು 3,474. ನಮಗೆ ಚಂದ್ರ ಕಾಣುವುದಕ್ಕಿಂತ ಸುಮಾರು 3.7 ಪಟ್ಟು ಅಗಲವಾಗಿ ಭೂಮಿ ಅವರಿಗೆ ಕಾಣಬೇಕು. ನಾವು ನಿಂತ ನೆಲವೇ ಚಲಿಸುತ್ತಿದೆ ಎಂದು ಒಪ್ಪದವರನ್ನು ಒಮ್ಮೆ ಚಂದ್ರನ ಮೇಲೆ ನಿಲ್ಲಿಸಿ ತೋರಿಸುವುದು ಕೆಪ್ಲರನ ಉದ್ದೇಶ. ಅದಕ್ಕೆ ಕಥೆಯೇ ಬೇಕಿತ್ತು. ದೂರದರ್ಶಕದಿಂದ ಆಗುವ ಕೆಲಸವಲ್ಲ.

ಆ ಕಥೆಗೆ ತೆತ್ತ ಬೆಲೆ ಘೋರ. 1615ರಲ್ಲಿ ಕೆಪ್ಲರನ ತಾಯಿ ಕಾಥರೀನಾ ಮೇಲೆ ಮಾಟಗಾತಿ ಎಂಬ ಆರೋಪ ಬಂತು. ಅದಕ್ಕೂ ಮೊದಲೇ ಕೈಯಿಂದ ಕೈಗೆ ಓಡಾಡಿದ್ದ, ಚೇತನವನ್ನು ಕರೆಯುವ ತಾಯಿಯ ಈ ಕಥೆಯ ಹಸ್ತಪ್ರತಿಯೂ ಇದಕ್ಕೆ ಇಂಬು ಕೊಟ್ಟಿತೆಂದು ಟಿಪ್ಪಣಿಯಲ್ಲಿ ಮಗನೇ ಶಂಕಿಸುತ್ತಾನೆ. ಆಕೆಯ ಪರ ಆತನೇ ನಿಂತು ಹೋರಾಡಿದ. 1621ರಲ್ಲಿ ಬಿಡುಗಡೆಯಾದ ಆಕೆ ಮರುವರ್ಷವೇ ತೀರಿಕೊಂಡಳು. ಪುಸ್ತಕ ಹೊರಬಂದದ್ದು 1634ರಲ್ಲಿ, ಕೆಪ್ಲರ್ ಸತ್ತ ನಾಲ್ಕು ವರ್ಷಕ್ಕೆ, ಮಗ ಲುಡ್ವಿಗ್ ಮೂಲಕ.

ಬಾಕಿ ಇರುವುದು ಕೊನೆಯ ಭಾಗದ ಟಿಪ್ಪಣಿಗಳು, ಮತ್ತೆ ಚಂದ್ರನಿಂದ ಕಾಣುವ ಭೂಮಿಯ ಒಂದು ತಿಂಗಳ ನಕ್ಷೆ. ಆಮೇಲೆ 1596ರ ಪುಸ್ತಕದ 1621ರ ಎರಡನೆಯ ಆವೃತ್ತಿ ತೆಗೆಯುತ್ತೇನೆ. ಅಲ್ಲಿ ಕೆಪ್ಲರ್ ಹಳೆಯ ಪಾಠವನ್ನು ಹಾಗೆಯೇ ಉಳಿಸಿ ತನ್ನ ಮಾತಿಗೆ ತಾನೇ ಟಿಪ್ಪಣಿ ಬರೆದಿದ್ದಾನೆ. ಎರಡೂ ಕಡೆಯ ಟಿಪ್ಪಣಿಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು.