ಅಕ್ರಾದ ಪೋಲೊ ಮೈದಾನ

ಘಾನಾದ ರಾಜಧಾನಿ ಅಕ್ರಾದ ಹೈ ಸ್ಟ್ರೀಟಿನಲ್ಲಿ ಆ ದೇಶದ ಮೊದಲ ಪ್ರಧಾನಿ ಎನ್‌ಕ್ರುಮಾ ಸ್ಮಾರಕವಿರುವ ಜಾಗ ಬ್ರಿಟಿಷರ ಕಾಲದಲ್ಲಿ ಪೋಲೊ ಮೈದಾನವಾಗಿತ್ತು. 1957ರ ಮಾರ್ಚ್ 6ರ ನಡುರಾತ್ರಿ ಕ್ವಾಮೆ ಎನ್‌ಕ್ರುಮಾ ಘಾನಾದ ಸ್ವಾತಂತ್ರ್ಯವನ್ನು ಘೋಷಿಸಿದ್ದು ಇಲ್ಲಿಯೇ. ಕೈ ಮುಂದೆ ಚಾಚಿ ನಿಂತ ಅವರ ಕಂಚಿನ ಪ್ರತಿಮೆಯತ್ತ ನಡೆಯುವಾಗ, ಇಕ್ಕೆಲದ ನೀರಿನ ತೊಟ್ಟಿಗಳಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕೊಂಬೂದುವವರ ಶಿಲ್ಪಗಳ ಸಾಲು ಕಾಣಿಸುತ್ತದೆ.

ಘಾನಾಕ್ಕೆ ರಾಜತಾಂತ್ರಿಕ ಮಾನ್ಯತೆ, ಅಂದರೆ ಸ್ವತಂತ್ರ ದೇಶವೆಂಬ ಇತರ ದೇಶಗಳ ಒಪ್ಪಿಗೆ, ತಕರಾರಿಲ್ಲದೆ ದೊರೆಯಿತು. ಆಳಿದವರೇ ಅಧಿಕಾರ ಹಸ್ತಾಂತರಿಸಿದ್ದರಿಂದ ಉಳಿದ ದೇಶಗಳು ಅಳುಕಬೇಕಾದ ಕಾರಣವಿರಲಿಲ್ಲ. ಸಮಾರಂಭಕ್ಕೆ ಬ್ರಿಟನ್ನಿನ ರಾಣಿಯ ಪರವಾಗಿ ಕೆಂಟ್‌ನ ಡಚೆಸ್, ಅಮೆರಿಕದಿಂದ ಉಪಾಧ್ಯಕ್ಷ ರಿಚರ್ಡ್ ನಿಕ್ಸನ್ ಬಂದಿದ್ದರು, ಮಾರ್ಚ್ 8ರಂದು ವಿಶ್ವಸಂಸ್ಥೆಯ ಸದಸ್ಯತ್ವವೂ ಸಿಕ್ಕಿತು. ಭಾರತವಂತೂ 1953ರಲ್ಲಿಯೇ ಅಕ್ರಾದಲ್ಲಿ ಪ್ರತಿನಿಧಿ ಕಚೇರಿ ತೆರೆದಿತ್ತು.

ಮಾನ್ಯತೆಯ ನಿಜವಾದ ಬೆಲೆ ತಿಳಿದದ್ದು ಪಶ್ಚಿಮ ಆಫ್ರಿಕಾದ ಫ್ರೆಂಚ್ ವಸಾಹತಾಗಿದ್ದ ಗಿನಿಯ ವಿಷಯದಲ್ಲಿ ಎಂಬುದು ನನ್ನ ಅನಿಸಿಕೆ. 1958ರ ಸೆಪ್ಟೆಂಬರ್ 28ರ ಜನಮತಗಣನೆಯಲ್ಲಿ ಫ್ರಾನ್ಸಿನ ನಾಯಕ ದ ಗಾಲ್ ಅವರ, ವಸಾಹತುಗಳನ್ನು ಫ್ರಾನ್ಸಿನ ಜೊತೆಗೇ ಉಳಿಸಿಕೊಳ್ಳುವ ಫ್ರೆಂಚ್ ಸಮುದಾಯದ ಪ್ರಸ್ತಾವವನ್ನು ಗಿನಿಯ ಜನ ಭಾರೀ ಬಹುಮತದಿಂದ ತಿರಸ್ಕರಿಸಿ ಅಕ್ಟೋಬರ್ 2ರಂದು ಸ್ವತಂತ್ರರಾದಾಗ, ಮುನಿದ ಫ್ರಾನ್ಸ್ ತನ್ನ ಅಧಿಕಾರಿಗಳನ್ನೂ ನೆರವನ್ನೂ ಹಿಂತೆಗೆದುಕೊಂಡಿತು. ಫ್ರಾನ್ಸಿನ ಮನಸ್ಸು ನೋಯಿಸಲು ಇಷ್ಟವಿಲ್ಲದ ಅಮೆರಿಕ ನವೆಂಬರ್ 1ರವರೆಗೆ ಮಾನ್ಯತೆ ಕೊಡದೆ ಕಾದು ನೋಡಿತು. ಡಿಸೆಂಬರ್ 12ರಂದು ಗಿನಿಗೆ ವಿಶ್ವಸಂಸ್ಥೆಯ ಸದಸ್ಯತ್ವ ದೊರೆತಾಗಲೂ ಫ್ರಾನ್ಸ್ ಮತ ಹಾಕದೆ ತಟಸ್ಥವಾಗಿ ಉಳಿಯಿತು. ಎರಡು ವರ್ಷವೂ ತುಂಬದ ಘಾನಾ ಮಾತ್ರ ನವೆಂಬರಿನಲ್ಲಿಯೇ ಗಿನಿಯೊಡನೆ ಒಕ್ಕೂಟ ಘೋಷಿಸಿ, ಒಂದು ಕೋಟಿ ಪೌಂಡ್ ಸಾಲ ಕೊಡಲು ಒಪ್ಪಿತು. ಒಕ್ಕೂಟ ಬಹುಪಾಲು ಕಾಗದದಲ್ಲಿಯೇ ಉಳಿಯಿತು, ಆ ಮಾತು ಬೇರೆ.

ಸ್ಮಾರಕದ ಹಿಂಬದಿಯಲ್ಲಿ ಎನ್‌ಕ್ರುಮಾ ಅವರದೇ ಇನ್ನೊಂದು ಪ್ರತಿಮೆಯಿದೆ. ಅದಕ್ಕೆ ತಲೆಯಿಲ್ಲ. 1966ರ ಸೇನಾ ಕ್ಷಿಪ್ರಕ್ರಾಂತಿಯಲ್ಲಿ ಉರುಳಿಸಿದ್ದ ಪ್ರತಿಮೆಯ ತಲೆಯನ್ನು ಯಾರೋ ಜೋಪಾನವಾಗಿ ಕಾಪಾಡಿ, ಬಹುಕಾಲದ ನಂತರ ಸರ್ಕಾರಕ್ಕೆ ಒಪ್ಪಿಸಿದರಂತೆ. ಈಗ ಅದನ್ನು ಮುಂಡದ ಪಕ್ಕದಲ್ಲಿಯೇ ಬೇರೊಂದು ಪೀಠದ ಮೇಲೆ ಇಟ್ಟಿದ್ದಾರೆ. ದಂಗೆಯಾದಾಗ ಎನ್‌ಕ್ರುಮಾ ವಿದೇಶ ಪ್ರವಾಸದಲ್ಲಿದ್ದರು. ಅಕ್ರಾದಲ್ಲಿ ಹೊಸ ಆಡಳಿತ ನೆಲೆಯೂರಿದರೂ ಗಿನಿಯ ಅಧ್ಯಕ್ಷ ಸೆಕು ಟೂರೆ, ಪದಚ್ಯುತರಾದ ಆ ಮಿತ್ರನನ್ನು ರಾಜಧಾನಿ ಕೊನಾಕ್ರಿಗೆ ಬರಮಾಡಿಕೊಂಡು ತಮ್ಮ ದೇಶದ ಸಹಾಧ್ಯಕ್ಷರೆಂದೇ ಘೋಷಿಸಿದರು. 1972ರಲ್ಲಿ ರೊಮೇನಿಯಾದ ಬುಖಾರೆಸ್ಟಿನಲ್ಲಿ ತೀರಿಕೊಂಡ ಎನ್‌ಕ್ರುಮಾರನ್ನು ಮೊದಲು ಗಿನಿಯಲ್ಲಿ, ಬಳಿಕ ಹುಟ್ಟೂರು ಎನ್‌ಕ್ರೊಫುಲ್‌ನಲ್ಲಿ ಸಮಾಧಿ ಮಾಡಲಾಯಿತು. ಅವರ ದೇಹ ಈ ಪೋಲೊ ಮೈದಾನಕ್ಕೆ ಬಂದದ್ದು 1992ರಲ್ಲಿ.