ರೇನ್‌ಕೋಟ್ ಹಾಕಿಕೊಂಡೇ ನೆಂದ ಮೂರು ದಿನ

ಮಳೆಯಲ್ಲಿ ಹೊರಟ ಮೂರು ದಿನದ ಸೈಕಲ್ ಪ್ರವಾಸ. ಮೊದಲ ದಿನ ಹತ್ತು ಕಿಲೋಮೀಟರ್ ತುಳಿಯುವಷ್ಟರಲ್ಲಿ ಒಳಗಿನ ಅಂಗಿ ಹಿಂಡುವ ಹಾಗಾಗಿತ್ತು. ರೇನ್‌ಕೋಟ್ ಸೋರುತ್ತಿದೆ ಎಂದುಕೊಂಡು ಸೈಕಲ್ ನಿಲ್ಲಿಸಿ ಹೊಲಿಗೆಯನ್ನೆಲ್ಲ ತಡಕಾಡಿದೆ. ಸೋರುತ್ತಿದ್ದದ್ದು ಕೋಟಲ್ಲ, ನಾನು. ಅಷ್ಟೂ ಬೆವರು!

'ಉಸಿರಾಡುವ ಬಟ್ಟೆ' ಎಂದು ನಂಬಿ ತಂದಿದ್ದ ಜಾಕೆಟ್ ಅದು. ಹೊರಗಿನ ಗಾಳಿ ಒಣಗಿದ್ದರೆ ಬೆವರಿನ ಆವಿ ಅದರಿಂದ ಚೆನ್ನಾಗಿ ಹೊರಹೋಗುತ್ತದೆ. ಬೆಚ್ಚಗಿನ ಮಳೆಗಾಳಿಯೇ ತೇವದಿಂದ ತುಂಬಿರುವಾಗ ಹೋಗುವುದೆಲ್ಲಿಗೆ? ಮೇಲ್ಪದರವೂ ನೀರು ಕುಡಿದುಬಿಟ್ಟರೆ ಮುಗಿಯಿತು. ಹಾಗಾಗಿ ಕೊಳ್ಳುವಾಗ ಕಂಕುಳಲ್ಲಿ ಜಿಪ್ ಇದೆಯೇ, ಬಗ್ಗಿ ತುಳಿದಾಗಲೂ ಸೊಂಟ ಮುಚ್ಚುವಷ್ಟು ಹಿಂಭಾಗ ಉದ್ದವಿದೆಯೇ ನೋಡಿ. ಎರಡನೇ ದಿನ ನಾನು ಏರಿನಲ್ಲಿ ಜಾಕೆಟ್ ಬಿಚ್ಚಿಟ್ಟು ಮಳೆಯಲ್ಲೇ ನೆಂದೆ, ಇಳಿಜಾರಿಗೆ ಮುಂಚೆ ಹಾಕಿಕೊಂಡೆ. ಚಳಿ ಇದ್ದರೆ ಈ ಸಾಹಸ ಬೇಡ. ಒದ್ದೆ ಮೈಗೆ ಗಾಳಿ ಬಡಿದು ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯುವುದೇ ಕಷ್ಟ.

ಜೊತೆಗಿದ್ದ ಗೆಳೆಯ ಪೊಂಚೊ ತಂದಿದ್ದ, ಅಂದರೆ ತಲೆಯಿಂದ ಇಳಿಬಿಟ್ಟುಕೊಳ್ಳುವ ಸಡಿಲವಾದ ಮಳೆ ಹೊದಿಕೆ. ಒಳಗೆ ಗಾಳಿಯಾಡುತ್ತದೆ, ನಿಜ. ಆದರೆ ಅಡ್ಡಗಾಳಿ ಬೀಸಿದಾಗ ಅದು ಹಾಯಿಯಂತೆ ಉಬ್ಬಿ ಅವನನ್ನು ರಸ್ತೆ ಮಧ್ಯಕ್ಕೆ ಎಳೆಯುತ್ತಿತ್ತು. ನನ್ನ ಜಾಕೆಟ್‌ನ ತಲೆಮುಸುಕು, ಅಂದರೆ ಹುಡ್, ಅದಕ್ಕಿಂತ ಕೆಟ್ಟದು: ಹಿಂದೆ ತಿರುಗಿದರೆ ಕಾಣುತ್ತಿದ್ದದ್ದು ಹುಡ್‌ನ ಒಳಭಾಗ ಮಾತ್ರ. ಹೆಲ್ಮೆಟ್ ಕೆಳಗೆ ಅಂಚಿರುವ ತೆಳು ಟೋಪಿ ಹಾಕಿ, ಕಣ್ಣಿಗೆ ಹನಿ ಹೊಡೆಯುವುದಿಲ್ಲ.

ಇಷ್ಟೆಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಮಡ್‌ಗಾರ್ಡ್. ಮೇಲಿಂದ ಬೀಳುವ ನೀರಿಗಿಂತ ಚಕ್ರ ಎರಚುವ ಕೆಸರುನೀರೇ ಬೆನ್ನು, ಬೂಟು ಎರಡನ್ನೂ ಕೆಡಿಸುತ್ತದೆ. ಮುಂದಿನ ಮಡ್‌ಗಾರ್ಡ್ ಗಿಡ್ಡವಾಗಿದ್ದರೆ ಪಾದ ನೆನೆದಂತೆಯೇ.

ರಿಮ್ ಬ್ರೇಕ್ (ಚಕ್ರದ ಹೊರ ಬಳೆಯಾದ ರಿಮ್ಮನ್ನೇ ಒತ್ತಿ ನಿಲ್ಲಿಸುವ ಬ್ರೇಕ್) ಇದ್ದವರು ಬೇಗನೇ ಹಿಡಿಯಲು ಶುರು ಮಾಡಿ. ಮೊದಲು ರಿಮ್ ಮೇಲಿನ ನೀರು ಒರೆಸಿಹೋಗಬೇಕು, ಆಮೇಲಷ್ಟೇ ಹಿಡಿತ. ರಸ್ತೆಯ ಬಿಳಿ ಪಟ್ಟಿ, ಕಬ್ಬಿಣದ ಮುಚ್ಚಳ, ಒದ್ದೆ ಎಲೆಗಳ ಮೇಲೆ ತಿರುಗಿಸಲೂ ಬೇಡಿ, ಬ್ರೇಕ್ ಒತ್ತಲೂ ಬೇಡಿ. ಗುಂಡಿಯೋ ಬರೀ ನೀರೋ ತಿಳಿಯದ ಕಡೆ ಸುತ್ತಿಕೊಂಡು ಹೋಗಿ.

ರಾತ್ರಿ ಬೂಟಿಗೆ ಹಳೇ ಪೇಪರ್ ತುರುಕಿ, ಒದ್ದೆಯಾದಂತೆ ಬದಲಿಸಿ. ಚೈನ್ ಒರೆಸಿ ಎಣ್ಣೆ ಬಿಡಿ. ಒಂದು ಜೊತೆ ಒಣಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಅದು ರಾತ್ರಿಗೆ ಮಾತ್ರ. ಮೂರನೇ ದಿನ ಬೆಳಿಗ್ಗೆ ತಣ್ಣಗಿನ ಒದ್ದೆ ಅಂಗಿ ನೋಡಿ ಮನಸ್ಸಾಗದೆ ನಾನು ಒಣಗಿದ್ದನ್ನೇ ತೊಟ್ಟು ಹೊರಟೆ. ಆ ರಾತ್ರಿ ಗೆಳೆಯನ ಲುಂಗಿ ಸುತ್ತಿಕೊಂಡು ಕೂತಿದ್ದೆ.