ಹಳೇ ಜಿಪ್ಸಿ ದಿನಾ ಓಡ್ಬೇಕು ಅಂದ್ರೆ ಮೊದ್ಲು ಬ್ರೇಕು, ಆಮೇಲೆ ಬಣ್ಣ

ಮಾರುತಿಯ ಹಳೇ ಜಿಪ್ಸಿ, ಅಂದ್ರೆ ಜೀಪಿನಂಥ ಗಾಡಿ, ಮನೆಗೆ ತಂದೋರು ಸುಮಾರು ಜನ ಮೊದ್ಲು ದುಡ್ಡು ಹಾಕೋದು ಮೂರು ವಿಷಯಕ್ಕೆ, ದೊಡ್ಡ ಟೈರು, ಮುಂದೆ ಕಬ್ಬಿಣದ ಬಂಪರ್ರು, ಮೇಲೊಂದು ಎಲ್ಇಡಿ ಬಾರು. ನೋಡೋಕೆ ಚೆನ್ನಾಗೇ ಇರತ್ತೆ. ಆದ್ರೆ ಬೆಳಿಗ್ಗೆ ಸಕಲೇಶಪುರದಿಂದ ಹಾಸನಕ್ಕೆ ಕೆಲಸಕ್ಕೆ ಹೋಗಿ, ಸಂಜೆ ಜೋರು ಮಳೇಲಿ ಲಾರಿಗಳ ಮಧ್ಯ ವಾಪಸ್ ಬರ್ಬೇಕು ಅನ್ನೋರಿಗೆ ಈ ಮೂರರಲ್ಲಿ ಒಂದೂ ಸಹಾಯಕ್ಕೆ ಬರಲ್ಲ. ನನಗೆ ಬೇಕಾಗಿದ್ದು ಭಾನುವಾರ ಹೊರಗೆ ತೆಗೆದು ತೊಳೆದು ನಿಲ್ಸೋ ಗಾಡಿ ಅಲ್ಲ, ದಿನಾ ಕೀ ತಿರುಗಿಸಿದ್ರೆ ಹೊರಡೋ ಗಾಡಿ. ಅದಕ್ಕೆ ಯಾವ ಕೆಲಸ ಮೊದ್ಲು ಯಾವುದು ಆಮೇಲೆ ಅಂತ ಇಲ್ಲಿ ಬರೀತಿದ್ದೀನಿ, ಇದೇ ದಾರೀಲಿ ಇರೋರಿಗೆ ಉಪಯೋಗ ಆಗ್ಬಹುದು.

ನನ್ನದು 1997ರ ಜಿಪ್ಸಿ ಕಿಂಗ್, ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸೋ ಹಳೇ ಕಾಲದ ಸಾಧನ) ಇರೋ ಗಾಡಿ. ಮಾರುತಿಯೋರು ಜಿಪ್ಸಿ ಬಿಟ್ಟಿದ್ದು 1985ರ ಡಿಸೆಂಬರ್‌ನಲ್ಲಿ, ಆಗ ಅದರೊಳಗೆ ಇದ್ದಿದ್ದು 970 ಸಿಸಿಯ ಸಣ್ಣ ಇಂಜಿನ್ನು, ನಾಲ್ಕೇ ಗೇರು. 1996ರಲ್ಲಿ ಕಿಂಗ್ ಬಂದಾಗ 1298 ಸಿಸಿ, ಐದು ಗೇರು ಆಯ್ತು, ಹೈವೇಲಿ ಓಡ್ಸೋರಿಗೆ ಆ ಐದನೇ ಗೇರೇ ದೊಡ್ಡ ವ್ಯತ್ಯಾಸ. 2000ದಲ್ಲಿ ಎಂಪಿಎಫ್ಐ, ಅಂದ್ರೆ ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಚಿಮ್ಮಿಸೋ ವ್ಯವಸ್ಥೆ, ಬಂತು. ಈ ಗಾಡಿಲಿ ನನಗೆ ತುಂಬಾ ಇಷ್ಟ ಆಗೋದು ಅದರ ಸರಳತನ, ಕೆಳಗೆ ಚಾಸಿ ಬೇರೆ, ಮೇಲೆ ಬಾಡಿ ಬೇರೆ, ಬೋಲ್ಟ್ ಬಿಚ್ಚಿದ್ರೆ ಎರಡೂ ಬೇರೆ ಆಗತ್ತೆ, ತೂಕ ಒಂದು ಟನ್ನಿನ ಆಸುಪಾಸು ಅಷ್ಟೇ. ಸ್ಪ್ಯಾನರ್ ಹಿಡಿಯೋಕೆ ಬರೋ ಯಾರು ಬೇಕಾದ್ರೂ ಇದನ್ನ ಅರ್ಥ ಮಾಡ್ಕೋಬಹುದು.

ಮೊದ್ಲು ಬ್ರೇಕು. ಹಿಂದಿನ ಡ್ರಮ್ ಬಿಚ್ಚಿ ನೋಡಿ, ಹಳೇ ಜಿಪ್ಸಿಲಿ ಹಿಂದಿನ ಆಕ್ಸಲ್ ಸೀಲ್ ಸವೆದು ಡಿಫ್ರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಗೇರ್ ಡಬ್ಬಿ) ಆಯಿಲ್ ಬ್ರೇಕ್ ಶೂ ಮೇಲೆ ಬಂದಿರೋದು ಬಹಳ ಸಾಮಾನ್ಯ. ಆಯಿಲ್ ಕುಡಿದ ಶೂನ ಪೆಟ್ರೋಲಲ್ಲಿ ತೊಳೆದು, ಉಜ್ಜು ಕಾಗದ ಹಾಕಿ ಮತ್ತೆ ಕೂರಿಸೋರು ಇದ್ದಾರೆ, ದಯವಿಟ್ಟು ಹಾಗ್ ಮಾಡಿಸ್ಬೇಡಿ, ಬಿಸಿ ಆದಾಗ ಒಳಗಿರೋ ಆಯಿಲ್ ಮತ್ತೆ ಮೇಲೆ ಬರತ್ತೆ. ಸೀಲು, ಶೂ, ವೀಲ್ ಸಿಲಿಂಡರ್ ಒಟ್ಟಿಗೇ ಹೊಸದು ಹಾಕ್ಸಿ. ರಬ್ಬರ್ ಬ್ರೇಕ್ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡ್ರೂ ಒಳಗೆ ಊದ್ಕೊಂಡು ದಾರಿ ಕಟ್ಕೊಂಡಿರತ್ತೆ, ಆಗ ಪೆಡಲ್ ಬಿಟ್ರೂ ಒಂದು ಚಕ್ರ ಹಿಡ್ಕೊಂಡೇ ಇರತ್ತೆ. ಬ್ರೇಕ್ ಫ್ಲೂಯಿಡ್ ಗಾಳಿಲಿರೋ ತೇವ ಎಳ್ಕೊಳ್ಳುತ್ತೆ, ನಮ್ಮ ಮಲೆನಾಡಿನ ಹವೇಲಂತೂ ಕೇಳೋದೇ ಬೇಡ, ಎರಡು ವರ್ಷಕ್ಕೊಂದ್ಸಲ ಪೂರ್ತಿ ಬದಲಾಯಿಸೋದು ಒಳ್ಳೇದು. ಶಿರಾಡಿ ಘಾಟಿ ಇಳಿಯೋವಾಗ ಪೆಡಲ್ ಮೆತ್ತಗಾಗೋದು ಹೆಚ್ಚಾಗಿ ಹಳೇ ಫ್ಲೂಯಿಡಿಂದಾನೇ, ಅದರಲ್ಲಿರೋ ನೀರು ಬಿಸಿಗೆ ಕುದಿಯತ್ತೆ.

ಆಮೇಲೆ ಸ್ಟೇರಿಂಗು. ಜಿಪ್ಸಿ ಐವತ್ತು ಅರವತ್ತು ಸ್ಪೀಡಲ್ಲಿ ಒಂದು ಗುಂಡಿ ಹಾರಿದ ತಕ್ಷಣ ಮುಂದಿನ ಎರಡೂ ಚಕ್ರ ಗಡಗಡ ಅಂತ ಅಲ್ಲಾಡೋಕೆ ಶುರು ಮಾಡತ್ತೆ, ಸ್ಟೇರಿಂಗ್ ಕೈಯಿಂದ ಕಿತ್ಕೊಂಡು ಹೋಗೋ ಹಾಗೆ, ಗಾಡಿ ಪೂರ್ತಿ ನಿಧಾನ ಮಾಡೋವರೆಗೂ ನಿಲ್ಲಲ್ಲ, ಇದನ್ನ ಅನುಭವಿಸಿದೋರಿಗೆ ಗೊತ್ತು. ವೀಲ್ ಬ್ಯಾಲೆನ್ಸು, ಟೈರಿನ ಗಾಳಿ ಎಲ್ಲಾ ಚೆಕ್ ಮಾಡಿ, ಆದ್ರೆ ಹಳೇ ಗಾಡಿಲಿ ಸಾಮಾನ್ಯವಾಗಿ ತೊಂದ್ರೆ ಇರೋದು ಕಿಂಗ್‌ಪಿನ್ ಬೇರಿಂಗಲ್ಲಿ, ಅಂದ್ರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ಕೀಲಿನ ಬೇರಿಂಗಲ್ಲಿ. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಒಳಗೆ ಹೊರಗೆ ಅಲ್ಲಾಡ್ಸಿ, ಪ್ಲೇ (ಸಡಿಲ) ಇದ್ರೆ ಕೈಗೇ ಗೊತ್ತಾಗತ್ತೆ. ಬೇರಿಂಗ್ ಬದಲಾಯಿಸಿ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಸರಿಯಾದ ಬಿಗಿ ಕೊಡ್ಬೇಕು, ಆ ಬಿಗೀನ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡೋದು ಸರಿಯಾದ ಕ್ರಮ, ಕೈ ಅಂದಾಜಲ್ಲಿ ಮಾಡೋದಲ್ಲ. ಹೊಸ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿನ ಅದುರು ತಡೆಯೋ ಶಾಕ್ ಅಬ್ಸಾರ್ಬರ್) ಹಾಕ್ಸಿದ್ರೆ ನಡುಕ ನಿಲ್ಲತ್ತೆ ಅಂತ ಹೇಳೋರಿದ್ದಾರೆ, ನಿಲ್ಲೋದು ನಿಜ, ಆದ್ರೆ ಸವೆದ ಬೇರಿಂಗ್ ಹಾಗೇ ಇರತ್ತೆ, ಇನ್ನೂ ಸವೀತಾನೇ ಇರತ್ತೆ. ಇದೇ ಕಾರಣಕ್ಕೆ ದೊಡ್ಡ ಟೈರು ನನಗೆ ಬೇಡ. ಪವರ್ ಸ್ಟೇರಿಂಗ್ ಇಲ್ಲದ ಗಾಡಿಗೆ ದಪ್ಪ ಟೈರ್ ಹಾಕಿದ್ರೆ ಕಿಂಗ್‌ಪಿನ್, ಟೈ ರಾಡ್, ಬ್ರೇಕು ಎಲ್ಲದರ ಮೇಲೂ ಭಾರ, ಐದನೇ ಗೇರಲ್ಲಿ ಎಳೆತ ಹೋಗತ್ತೆ, ಸ್ಪೀಡೋಮೀಟರ್ ನಿಜವಾದ ಸ್ಪೀಡಿಗಿಂತ ಕಮ್ಮಿ ತೋರ್ಸತ್ತೆ.

ತುಕ್ಕಿನ ವಿಷಯಕ್ಕೆ ಬರೋಣ, ಯಾಕಂದ್ರೆ ಮಲೆನಾಡಲ್ಲಿ ಗಾಡಿನ ಕೊಲ್ಲೋದು ಇಂಜಿನ್ನಲ್ಲ, ತುಕ್ಕು. ಜೂನಿಂದ ಸೆಪ್ಟೆಂಬರ್‌ವರೆಗೂ ಇಲ್ಲಿ ಯಾವ ಲೋಹವೂ ಒಣಗಲ್ಲ. ಜಿಪ್ಸಿಲಿ ನೋಡ್ಬೇಕಾದ ಜಾಗ ಅಂದ್ರೆ ಮ್ಯಾಟ್ ಕೆಳಗಿನ ಫ್ಲೋರು, ಹಿಂದಿನ ವೀಲ್ ಆರ್ಚಿನ ಮೂಲೆ, ಡಿಕ್ಕಿ ಬಾಗಿಲ ಕೆಳ ಅಂಚು, ಗ್ಲಾಸಿನ ಫ್ರೇಮು, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಬಾಡಿ ಚಾಸಿ ಮೇಲೆ ಕೂರೋ ಬ್ರಾಕೆಟ್ಟುಗಳು. ಟಿಂಕರಿಂಗ್ ಮಾಡೋವಾಗ ತೂತಿಗೆ ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆದ್ರೆ ಒಂದು ಮಳೆಗಾಲ ಕಳೆಯೋದ್ರೊಳಗೆ ಗುಳ್ಳೆ ಏಳತ್ತೆ. ಕೊಳೆತ ಶೀಟ್ ಪೂರ್ತಿ ಕತ್ತರಿಸಿ ತೆಗೆದು ಅದೇ ದಪ್ಪದ ಹೊಸ ಶೀಟ್ ವೆಲ್ಡ್ ಮಾಡ್ಸಿ, ಎರಡೂ ಕಡೆ ಎಪಾಕ್ಸಿ ಪ್ರೈಮರ್ ಹೊಡೆಸಿ. ಬರೀ ರೆಡ್ ಆಕ್ಸೈಡ್ ಹೊಡೆದು ಬಿಟ್ರೆ ಅದು ತೇವ ತಡಿಯಲ್ಲ, ಅದರ ಮೇಲೆ ಪೇಂಟ್ ಬೇಕೇ ಬೇಕು. ಫ್ಲೋರಿನ ನೀರು ಹೋಗೋ ತೂತುಗಳನ್ನ ಯಾವ ಕಾರಣಕ್ಕೂ ಮುಚ್ಚಿಸ್ಬೇಡಿ. ಮತ್ತೆ ಚಾಸಿ ಉಜ್ಜೋವಾಗ ಚಾಸಿ ನಂಬರ್ ಇರೋ ಜಾಗಕ್ಕೆ ಗ್ರೈಂಡರ್ ತಾಗಿಸೋಕೆ ಬಿಡ್ಬೇಡಿ, ಎಫ್‌ಸಿಗೆ (ಗಾಡಿ ಓಡ್ಸೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟಿಗೆ) ಹೋದಾಗ ಆ ನಂಬರಿನ ಪೆನ್ಸಿಲ್ ಅಚ್ಚು ಕೇಳ್ತಾರೆ, ನಂಬರ್ ಅಳಿಸಿ ಹೋಗಿದ್ರೆ ಗಾಡಿ ಎಷ್ಟೇ ಚೆನ್ನಾಗಿದ್ರೂ ಆ ತಲೆನೋವು ಬೇರೇನೇ. ನಾವು ಅಲ್ಲಿಗೆ ಗ್ರೀಸ್ ಹಚ್ಚಿ ಟೇಪ್ ಸುತ್ತಿ ಆಮೇಲೆ ಕೆಲಸ ಶುರು ಮಾಡಿದ್ವಿ.

ಜಿಪ್ಸಿ ಎತ್ತಿ ಎತ್ತಿ ಹಾಕತ್ತೆ ಅಂತ ಎಲ್ರೂ ಹೇಳ್ತಾರೆ, ಸತ್ಯಾನೇ, ನಾಲ್ಕೂ ಕಡೆ ಕಮಾನು ಪಟ್ಟಿ. ಆದ್ರೆ ಹಳೇ ಗಾಡಿಲಿ ಅರ್ಧ ಗಡಸು ಬರೋದು ಪಟ್ಟಿಗಳ ಮಧ್ಯ ತುಕ್ಕು ಹಿಡಿದು ಒಂದಕ್ಕೊಂದು ಅಂಟ್ಕೊಂಡಿರೋದ್ರಿಂದ, ಒಂದರ ಮೇಲೊಂದು ಜಾರಬೇಕಾದ ಪಟ್ಟಿಗಳು ಒಂದೇ ದಿಮ್ಮಿ ಥರ ಆಗೋಗಿರತ್ತೆ. ಕಟ್ಟು ಬಿಚ್ಚಿ, ಒಂದೊಂದೇ ಪಟ್ಟಿ ಉಜ್ಜಿ, ಗ್ರಾಫೈಟ್ ಗ್ರೀಸ್ ಹಚ್ಚಿ ಮತ್ತೆ ಕಟ್ಟಿಸಿ, ಶ್ಯಾಕಲ್ ಬುಷ್ (ಪಟ್ಟಿಯ ತುದಿ ಕೊಂಡಿಯ ರಬ್ಬರು) ಹೊಸದು ಹಾಕ್ಸಿದ್ಮೇಲೆ ನಮ್ಮನೆಯವರೇ ಇದು ಅದೇ ಗಾಡೀನಾ ಅಂತ ಕೇಳಿದ್ರು. ಟ್ರಾನ್ಸ್‌ಫರ್ ಕೇಸಿನ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ಗೇರ್ ಡಬ್ಬಿ) ರಬ್ಬರ್ ಮೌಂಟುಗಳೂ ಇದರ ಜೊತೇಲೇ ಬದಲಾಯಿಸಿ, ಒಳಗೆ ಮಾತಾಡೋಕೆ ಆಗದಷ್ಟು ಗುಂಯ್ ಅನ್ನೋ ಸದ್ದು ಸುಮಾರು ಕಮ್ಮಿ ಆಗತ್ತೆ.

ಇಂಜಿನ್ ಬಗ್ಗೆ ಹೆಚ್ಚು ಹೇಳೋದಿಲ್ಲ, ಗಟ್ಟಿ ಇಂಜಿನ್ನು. ಬ್ಲಾಕು ಹೆಡ್ಡು ಎರಡೂ ಅಲ್ಯೂಮಿನಿಯಂ, ಅದಕ್ಕೆ ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕ್ಬಾರ್ದು, ಕೂಲೆಂಟ್ ಹಾಕಿ. ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆಗೋವರೆಗೂ ಕೂಲೆಂಟ್ ತಡೆಯೋ ವಾಲ್ವು) ಕಿತ್ತು ಬಿಸಾಕಿದ್ರೆ ಗಾಡಿ ಹೀಟ್ ಆಗಲ್ಲ ಅನ್ನೋದು ನಮ್ಮ ಕಡೆ ಹಳೇ ರೂಢಿ, ಆದ್ರೆ ಚಳಿಗಾಲದ ಬೆಳಿಗ್ಗೆ ಇಂಜಿನ್ ಬೇಕಾದಷ್ಟು ಬಿಸಿನೇ ಆಗದೆ ಪೆಟ್ರೋಲ್ ಜಾಸ್ತಿ ಕುಡಿಯತ್ತೆ, ಬೇಗ ಸವೆಯತ್ತೆ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಗೊತ್ತಿಲ್ದಿದ್ರೆ ಇವತ್ತೇ ಬದಲಾಯಿಸಿ. ಹೆಡ್‌ಲೈಟ್ ಮಂಕಾಗಿದ್ರೆ ದೊಡ್ಡ ಬಲ್ಬ್ ಹಾಕೋಕೆ ಹೋಗ್ಬೇಡಿ, 60 ವ್ಯಾಟಿನ ಎರಡು ಬಲ್ಬು ಸೇರಿ 10 ಆಂಪಿಯರ್ ಕರೆಂಟು ಹಳೇ ಸ್ವಿಚ್ಚಿನ ಮೂಲಕ ಹೋದ್ರೆ ದಾರೀಲೇ ವೋಲ್ಟೇಜ್ ಕಳೆದೋಗತ್ತೆ. ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್ಚು) ಹಾಕ್ಸಿ ಬ್ಯಾಟರಿಯಿಂದ ನೇರ ಲೈನ್ ಕೊಡ್ಸಿ, ಫ್ಯೂಸ್ ಮರೀಬೇಡಿ, ಅದೇ ಬಲ್ಬು ಎಷ್ಟು ಬೆಳಕು ಕೊಡತ್ತೆ ನೋಡಿ.

ಈಗಿನ ದೊಡ್ಡ ಚಿಂತೆ ಇ20, ಅಂದ್ರೆ ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲು. ಹೊಸ ಗಾಡಿಲಿ ಸೆನ್ಸರ್ ನೋಡಿ ಕಂಪ್ಯೂಟರ್ ಸರಿ ಮಾಡ್ಕೊಳ್ಳತ್ತೆ, ಕಾರ್ಬ್ಯುರೇಟರಿಗೆ ಅದು ಬರಲ್ಲ, ಮಿಶ್ರಣ ತೆಳುವಾಗತ್ತೆ, ತಿರುವಲ್ಲಿ ಆಕ್ಸಿಲೇಟರ್ ಕೊಟ್ರೆ ಒಂದು ಕ್ಷಣ ತಡವರಿಸತ್ತೆ. ಟ್ಯೂನಿಂಗ್ ಗೊತ್ತಿರೋರ ಹತ್ರ ಮಿಶ್ರಣಾನ ಸ್ವಲ್ಪ ರಿಚ್ (ಪೆಟ್ರೋಲ್ ಜಾಸ್ತಿ) ಮಾಡ್ಸ್ಕೊಳ್ಳಿ. ಅದಕ್ಕಿಂತ ಮುಖ್ಯ ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮು, ಎಥನಾಲಿಗೆ ಅವು ಮೆತ್ತಗಾಗಿ ಬಿರುಕು ಬಿಡತ್ತೆ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕೋದು ಅಂದ್ರೆ ಏನು ಅಂತ ಹೇಳ್ಬೇಕಾಗಿಲ್ಲ. ಎಥನಾಲ್ ತಡ್ಕೊಳ್ಳೋ ಪೈಪ್ ಕೇಳಿ ಹಾಕ್ಸಿ, ಮೀಟರಿಗೆ ಸ್ವಲ್ಪ ದುಡ್ಡು ಜಾಸ್ತಿ ಅಷ್ಟೇ. ಎಥನಾಲ್ ನೀರನ್ನೂ ಎಳ್ಕೊಳ್ಳೋದ್ರಿಂದ ತಿಂಗಳಾನುಗಟ್ಟಲೆ ನಿಂತ ಗಾಡಿಯ ಟ್ಯಾಂಕು ಒಳಗಿಂದ ತುಕ್ಕು ಹಿಡಿಯತ್ತೆ. ದಿನಾ ಓಡೋ ಗಾಡಿಗೆ ಆ ಭಯ ಕಮ್ಮಿ.

ಕಾಗದಪತ್ರ ಇನ್ನೊಂದು ಕಥೆ. ಹದಿನೈದು ವರ್ಷ ಆದ್ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್, ನನ್ನದು ಮುಂದೆ ಬರೋದು 2027ಕ್ಕೆ. 2022ರ ಏಪ್ರಿಲ್‌ನಿಂದ ಕಾರಿಗೆ ಈ ಫೀಸು 600ರಿಂದ 5,000 ರೂಪಾಯಿಗೆ ಏರಿತ್ತು, 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಗಾಡಿಗಳಿಗೆ 10,000 ಮಾಡಿದ್ರು, ಹಸಿರು ತೆರಿಗೆ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದನ್ನ ಮೂಲದಿಂದ ಬದಲಾಯಿಸೋ ಹಾಗಿಲ್ಲ, ಹಾಗಾಗಿ ಬೇರೆ ಡೀಸೆಲ್ ಇಂಜಿನ್ ಕೂರಿಸಿದ, ಬಾಡಿ ಕತ್ತರಿಸಿದ ಗಾಡಿ ಅಗ್ಗಕ್ಕೆ ಸಿಕ್ತು ಅಂತ ತಗೊಳ್ಳೋ ಮುಂಚೆ ಆರ್‌ಸಿಲಿ ಏನು ಬರ್ದಿದೆ ನೋಡಿ. ಫ್ಯಾಕ್ಟರಿ ಹೇಗೆ ಕೊಟ್ಟಿತ್ತೋ ಹಾಗೇ ಇಟ್ಕೊಂಡ ಗಾಡಿಗೆ ಎಫ್‌ಸಿನೂ ಸುಲಭ, ಇನ್ಶೂರೆನ್ಸೂ ಸುಲಭ.

ಸ್ಪೇರ್ಸ್ ಸಿಗಲ್ಲ ಅಂತ ಹೆದರಿಸೋರು ಜಾಸ್ತಿ. ಇಂಜಿನ್ ಸಾಮಾನಿಗೆ ನಾನು ಹೆದರಿಲ್ಲ, ಮಾರುತಿಯ ಹಳೇ ಎಸ್ಟೀಮ್ ಕಾರಲ್ಲಿದ್ದಿದ್ದೂ ಇದೇ ಜಿ13 ಅನ್ನೋ ಸಂಸಾರದ ಇಂಜಿನ್ನು, ಬೆಂಗಳೂರಿನ ಜೆ.ಸಿ. ರೋಡಲ್ಲಿ ವಿಚಾರಿಸಿದ್ರೆ ಸುಮಾರು ಸಾಮಾನು ಸಿಗತ್ತೆ. ಕಷ್ಟ ಆಗ್ತಿರೋದು ಬಾಡಿ ರಬ್ಬರುಗಳು, ಬಾಗಿಲ ಹಿಂಜು, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕು ಇಂಥವು. ಅವು ಒಳ್ಳೇದು ಕಣ್ಣಿಗೆ ಬಿದ್ರೆ ಈಗ ಬೇಕಿಲ್ದಿದ್ರೂ ತೆಗೆದಿಟ್ಕೊಳ್ಳಿ. ನನಗೀಗ ಎಡಗಡೆ ಬಾಗಿಲ ಮೇಲಿನ ಹಿಂಜು ಒಂದು ಬೇಕಾಗಿದೆ, ಮಳೆ ಶುರುವಾಗೋದ್ರೊಳಗೆ ಸಿಕ್ಕಿದ್ರೆ ಬಾಗಿಲೂ ಸರಿಯಾಗಿ ಕೂರತ್ತೆ, ಒಳಗೆ ನೀರು ಬರೋದೂ ನಿಲ್ಲತ್ತೆ, ಅದಾದ್ಮೇಲೆ ಪೇಂಟಿಂಗಿಗೆ ಕೊಡ್ತೀನಿ.